ದೀಪಾವಳಿಗೆ ಊರಿಗೆ ಹೋಗುವಾಗ ಮೂರ್ಛೆರೋಗವಿರುವ ನಾಯಿಯನ್ನೂ ಬೆಕ್ಕನ್ನೂ ಯಾರ ಕೈಗೆ ಒಪ್ಪಿಸುವುದು?

ಪ್ರಶ್ನೆ: ಬನಶಂಕರಿ ಮೂರನೇ ಹಂತದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 9 ವರ್ಷದ ನಾಟಿ ನಾಯಿ ಗುಂಡ ಮತ್ತು 4 ವರ್ಷದ ಗಂಡು ಬೆಕ್ಕು ಮುತ್ತು ಇವೆ. ಗುಂಡನಿಗೆ ಮೂರು ವರ್ಷಗಳಿಂದ ಮೂರ್ಛೆರೋಗವಿದೆ. ಬೆಳಿಗ್ಗೆ 8 ಗಂಟೆಗೆ ಒಮ್ಮೆ, ರಾತ್ರಿ 8 ಗಂಟೆಗೆ ಒಮ್ಮೆ ಫಿನೋಬಾರ್ಬಿಟೋನ್ ಮಾತ್ರೆ ಕೊಡುತ್ತೇವೆ. ಮಾತ್ರೆ ತಪ್ಪದೆ ಬೀಳುತ್ತಿರುವುದರಿಂದ ಕಳೆದ 14 ತಿಂಗಳಲ್ಲಿ ಒಂದೇ ಸಲ ಫಿಟ್ಸ್ ಬಂದಿದೆ.

ಈ ಒಂಬತ್ತು ವರ್ಷಗಳಲ್ಲಿ ನಾವು ಗಂಡಹೆಂಡತಿ ಒಟ್ಟಿಗೆ ಊರಿಗೆ ಹೋದದ್ದೇ ಇಲ್ಲ. ಯಾರಾದರೊಬ್ಬರು ಮನೆಯಲ್ಲಿ ಉಳಿಯುತ್ತಿದ್ದೆವು. ಈ ಸಲ ಸಾಗರದ ಹತ್ತಿರವಿರುವ ನಮ್ಮ ಅತ್ತೆಯವರು, ಅವರಿಗೀಗ ಎಂಬತ್ತು ದಾಟಿದೆ, ನೀರು ತುಂಬುವ ಹಬ್ಬದಿಂದ ಗೋಪೂಜೆಯವರೆಗೆ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಒಂದೇ ಸೂರಿನಡಿ ಇರಬೇಕೆಂದು ಕೇಳಿಕೊಂಡಿದ್ದಾರೆ. ಹೋಗಿಬರುವುದೂ ಸೇರಿ ಎಂಟು ದಿನವಾಗುತ್ತದೆ. ಇಬ್ಬರನ್ನೂ ಜೊತೆಗೆ ಕರೆದುಕೊಂಡು ಹೋಗಬಹುದೇ ಎಂದು ಮೊದಲು ಯೋಚಿಸಿದೆವು. ರೈಲಿನಲ್ಲಿ ನಾಯಿಯನ್ನು ನಮ್ಮೊಡನೆ ಇರಿಸಿಕೊಳ್ಳಬೇಕಾದರೆ ಮೊದಲ ದರ್ಜೆ ಎ.ಸಿ.ಯ ಕೂಪೆಯನ್ನೋ ಕ್ಯಾಬಿನ್ನನ್ನೋ ಪೂರ್ತಿಯಾಗಿ ಕಾಯ್ದಿರಿಸಬೇಕು. ಕಾರಿನಲ್ಲಾದರೆ ಇಡೀ ದಿನದ ಪ್ರಯಾಣ. ಅಲ್ಲಿ ಕೊಟ್ಟಿಗೆಯ ತುಂಬ ದನಕರುಗಳು, ಅಂಗಳದಲ್ಲಿ ಎರಡು ಕಾವಲು ನಾಯಿಗಳು ಮತ್ತು ವಿಪರೀತ ಉಣ್ಣಿ. ಆ ವಿಚಾರವನ್ನು ಅಲ್ಲಿಗೇ ಬಿಟ್ಟೆವು.

ಈಗ ಉಳಿದಿರುವ ದಾರಿಗಳು ಎರಡು. ಕನಕಪುರ ರಸ್ತೆಯ ಕಡೆಯಲ್ಲಿರುವ ಒಂದು ಬೋರ್ಡಿಂಗ್‌ನಲ್ಲಿ ಇಬ್ಬರನ್ನೂ ಬಿಡುವುದು ಒಂದು. ಮನೆಯಲ್ಲೇ ಯಾರನ್ನಾದರೂ ಇರಿಸುವುದು ಇನ್ನೊಂದು. ಆರು ವರ್ಷಗಳಿಂದ ಮನೆಗೆಲಸಕ್ಕೆ ಬರುತ್ತಿರುವ ಅಮ್ಮನಿಗೆ ಗುಂಡನ ಮೇಲೆ ಬಹಳ ಪ್ರೀತಿ, ಆದರೆ ಫಿಟ್ಸ್ ಬಂದಾಗ ಅವರು ಹೆದರಿ ಹೊರಗೆ ಓಡಿಹೋಗುತ್ತಾರೆ. ನನ್ನ ಅಕ್ಕನ ಮಗಳು ಗಿರಿನಗರದಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದಾಳೆ, ಕೇಳಿದರೆ ಬಂದು ಇರುತ್ತಾಳೆ, ಆದರೆ ಅವಳು ಎಂದೂ ನಾಯಿ ಸಾಕಿದವಳಲ್ಲ. ಎಲ್ಲಕ್ಕಿಂತ ದೊಡ್ಡ ಚಿಂತೆ ಪಟಾಕಿಯದು. ಪಟಾಕಿಯ ಸದ್ದಿಗೆ ಗುಂಡ ಮಂಚದಡಿ ಸೇರಿ ನಡುಗುತ್ತಾನೆ, ಅನ್ನ ಮುಟ್ಟುವುದಿಲ್ಲ. ನಾವು ಪಕ್ಕದಲ್ಲಿದ್ದಾಗಲೇ ಹೀಗಾದರೆ, ಇಲ್ಲದಿದ್ದಾಗ ಏನಾದೀತು? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.


ಉತ್ತರ 1: ಮಲ್ಲೇಶ್ವರದಿಂದ

ಮೇಡಂ, ಬೋರ್ಡಿಂಗ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಕಳೆದ ನಾಲ್ಕು ವರ್ಷಗಳಿಂದ ನಮ್ಮ ಲ್ಯಾಬ್ರಡಾರ್ ವರ್ಷಕ್ಕೆರಡು ಸಲ ಒಂದು ಬೋರ್ಡಿಂಗ್‌ನಲ್ಲಿ ಸಂತೋಷವಾಗಿಯೇ ಇದ್ದು ಬರುತ್ತಿದೆ. ಆದರೆ ಅದಕ್ಕೂ ಮೊದಲು ಬೇರೊಂದು ಕಡೆ ಬಿಟ್ಟು ಪಶ್ಚಾತ್ತಾಪಪಟ್ಟಿದ್ದೇವೆ. ಅಲ್ಲಿಂದ ದಿನವೂ ವಾಟ್ಸಾಪ್‌ನಲ್ಲಿ ಚೆಂದದ ಫೋಟೋಗಳು ಬರುತ್ತಿದ್ದವು. ಹಿಂತಿರುಗಿದ ನಾಯಿಗೆ ಕೆಮ್ಮು ಹತ್ತಿತ್ತು, ಕಿವಿಯ ಮಡಿಕೆಯಲ್ಲಿ ಉಣ್ಣಿಗಳಿದ್ದವು. ಎರಡು ವಾರ ಕಳೆದ ಮೇಲೆ ಜ್ವರ ಬಂದು ಊಟ ಬಿಟ್ಟಿತು. ರಕ್ತಪರೀಕ್ಷೆಯಲ್ಲಿ ಎರ್ಲಿಕಿಯಾ, ಅಂದರೆ ನಾವೆಲ್ಲ ಟಿಕ್ ಫೀವರ್ ಎನ್ನುವ ಕಾಯಿಲೆ, ಎಂದು ಗೊತ್ತಾಯಿತು. ಉಣ್ಣಿ ಕಚ್ಚಿದ ಒಂದರಿಂದ ಮೂರು ವಾರಗಳ ನಂತರ ಈ ಜ್ವರ ಕಾಣಿಸಿಕೊಳ್ಳುವುದರಿಂದ, ಊರಿಂದ ಬಂದವರು ಬೋರ್ಡಿಂಗ್‌ನ ವಿಷಯವನ್ನೇ ಮರೆತು ಕಾರಣವನ್ನು ಬೇರೆಲ್ಲೋ ಹುಡುಕುತ್ತಾರೆ.

ಆ ಅನುಭವದ ನಂತರ ನಾವು ಜಾಗವನ್ನು ಕಣ್ಣಾರೆ ನೋಡದೆ, ಮುನ್ಸೂಚನೆ ಕೊಡದೆ ಒಮ್ಮೆ ಹೋಗಿಬಾರದೆ ಬಿಡುವುದಿಲ್ಲ. ಹೋದಾಗ ನಾನು ಮೊದಲು ನೋಡುವುದು ಗೇಟನ್ನು. ಒಂದು ಗೇಟು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುವಂತೆ ಎರಡು ಗೇಟುಗಳಿದ್ದರೆ, ಹೊಸ ನಾಯಿ ಗಾಬರಿಯಿಂದ ನುಗ್ಗಿದರೂ ರಸ್ತೆಗೆ ಹೋಗಲಾರದು. ಆಮೇಲೆ ಕೇಳುವುದು ರಾತ್ರಿಯ ವಿಷಯ: ರಾತ್ರಿ ಅಲ್ಲಿ ಯಾರು ಮಲಗುತ್ತಾರೆ, ಅವರಿಗೆ ನಾಯಿಯ ನರಳಾಟ ಕೇಳಿಸುವಷ್ಟು ಹತ್ತಿರದಲ್ಲಿ ಮಲಗುತ್ತಾರೆಯೇ? ಹಗಲಿನ ಆಟದ ಬಯಲನ್ನು ಎಲ್ಲರೂ ತೋರಿಸುತ್ತಾರೆ, ರಾತ್ರಿ 2 ಗಂಟೆಯ ವ್ಯವಸ್ಥೆಯನ್ನು ನಾವಾಗಿಯೇ ಕೇಳಬೇಕು. ನಮ್ಮ ನಾಯಿಯ ಲಸಿಕೆಯ ಪುಸ್ತಕವನ್ನು ಅವರು ಕೇಳದೆ ಒಳಗೆ ಸೇರಿಸಿಕೊಂಡರೆ ಅದು ಒಳ್ಳೆಯ ಲಕ್ಷಣವಲ್ಲ; ನಮ್ಮದನ್ನು ಕೇಳದವರು ಪಕ್ಕದ ಗೂಡಿನ ನಾಯಿಯದನ್ನೂ ಕೇಳಿರುವುದಿಲ್ಲ. ರೇಬೀಸ್ ಲಸಿಕೆಯ ಜೊತೆಗೆ ಕೆನಲ್ ಕೆಮ್ಮಿನ ಲಸಿಕೆಯನ್ನು ಬಿಡುವ ದಿನಕ್ಕಿಂತ ಒಂದು ವಾರವಾದರೂ ಮೊದಲೇ ಹಾಕಿಸಬೇಕು, ಉಣ್ಣಿಯ ಔಷಧಿಯನ್ನೂ ಮೊದಲೇ ಕೊಟ್ಟಿರಬೇಕು.

ಆದರೆ ನಿಮ್ಮ ಗುಂಡನ ವಿಷಯದಲ್ಲಿ ನನಗೆ ಹಿಂಜರಿಕೆಯಿದೆ. ಹಬ್ಬದ ವಾರದಲ್ಲಿ ಬೋರ್ಡಿಂಗ್‌ಗಳು ತುಂಬಿ ತುಳುಕುತ್ತವೆ, ಕೆಲಸದ ಹುಡುಗರಲ್ಲಿ ಹಲವರು ತಾವೂ ಊರಿಗೆ ಹೋಗಿರುತ್ತಾರೆ. ಗಂಟೆ ಹೊಡೆದ ಹಾಗೆ ಮಾತ್ರೆ ಬೀಳಬೇಕಾದ ನಾಯಿಯನ್ನು, ಅದೂ ಈ ವಯಸ್ಸಿನಲ್ಲಿ ಮೊದಲ ಸಲ, ಅಂಥ ಗದ್ದಲಕ್ಕೆ ಬಿಡಲು ನನಗಾದರೆ ಮನಸ್ಸು ಬರುತ್ತಿರಲಿಲ್ಲ. ಬಿಡಲೇಬೇಕಾದರೆ ಹಬ್ಬಕ್ಕೆ ಮೊದಲೇ ಒಂದು ರಾತ್ರಿ ಬಿಟ್ಟು ನೋಡಿ. ಮನೆಯ ಊಟವನ್ನೇ ಕೊಡಿಸಿ, ಏಕೆಂದರೆ ಜಾಗವೂ ಊಟವೂ ಒಟ್ಟಿಗೆ ಬದಲಾದರೆ ಭೇದಿ ಶುರುವಾಗುತ್ತದೆ. ನೀವು ಹೊದ್ದ, ಒಗೆಯದ ಬೆಡ್‌ಶೀಟೊಂದನ್ನು ಜೊತೆಗೆ ಕಳುಹಿಸಿ. ಫೋಟೋ ಬೇಡ, ಊಟ ಮಾಡುತ್ತಿರುವ ವಿಡಿಯೋ ಕಳುಹಿಸಲು ಹೇಳಿ, ಮಲ ಹೇಗಿತ್ತೆಂದು ದಿನವೂ ಸಂಕೋಚವಿಲ್ಲದೆ ಕೇಳಿ.


ಉತ್ತರ 2: ಜಯನಗರದಿಂದ

ಪಟಾಕಿಯ ಬಗ್ಗೆ ಬರೆದಿರುವುದರಿಂದ ಇದನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ನಾವು ಹಂಪಿಗೆ ಹೋಗಿದ್ದಾಗ, ನರಕ ಚತುರ್ದಶಿಯ ಬೆಳಗಿನ ಜಾವ, ಮನೆ ನೋಡಿಕೊಳ್ಳುತ್ತಿದ್ದ ನಮ್ಮ ಸೋದರಮಾವ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದ ಕ್ಷಣದಲ್ಲಿಯೇ ಎದುರು ಮನೆಯವರು ಆಟಂ ಬಾಂಬ್ ಹಚ್ಚಿದರು. ನಮ್ಮ ನಾಯಿ ಅವರ ಕಾಲುಗಳ ನಡುವಿನಿಂದ ನುಸುಳಿ ಓಡಿತು. ಬೆಲ್ಟಿನ ಬಿಲ್ಲೆಯ ಮೇಲೆ ನನ್ನ ಫೋನ್ ನಂಬರ್ ಇತ್ತು. ಲಾಲ್‌ಬಾಗ್ ಪಶ್ಚಿಮ ದ್ವಾರದ ಬಳಿ ಹೂವು ಮಾರುವ ಒಬ್ಬ ತಾಯಿ ಅದನ್ನು ಕಟ್ಟಿಹಾಕಿ, ಅನ್ನ ಹಾಕಿ, ಎರಡು ದಿನ ನನ್ನ ನಂಬರಿಗೆ ಫೋನ್ ಮಾಡುತ್ತಲೇ ಇದ್ದರಂತೆ. ನನಗೆ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ. ಎರಡು ದಿನ ನಮ್ಮ ಮಾವ ಬೀದಿಬೀದಿ ಅಲೆದರು, ನಾಯಿ ಒಂದೂವರೆ ಮೈಲಿ ದೂರದಲ್ಲಿ ಸುರಕ್ಷಿತವಾಗಿ ಕೂತಿತ್ತು.

ಆದ್ದರಿಂದ ನನ್ನ ವಿನಂತಿ ಇದು: ನೀವು ಊರಲ್ಲಿಲ್ಲದ ದಿನಗಳಲ್ಲಿ ಬಿಲ್ಲೆಯ ಮೇಲೆ ಬೆಂಗಳೂರಿನಲ್ಲೇ ಇರುವವರ, ನಾಯಿಯನ್ನು ನೋಡಿಕೊಳ್ಳುತ್ತಿರುವವರ ನಂಬರ್ ಇರಬೇಕು. ಮೈಕ್ರೋಚಿಪ್ ಹಾಕಿಸಿದ್ದರೆ ಬಹಳ ಒಳ್ಳೆಯದು, ಆದರೆ ಅದು ನಾಯಿ ಎಲ್ಲಿದೆ ಎಂದು ಹೇಳುವುದಿಲ್ಲ. ಅದರೊಳಗಿರುವುದು 15 ಅಂಕಿಯ ಒಂದು ಸಂಖ್ಯೆ ಮಾತ್ರ. ಯಾರಾದರೂ ನಾಯಿಯನ್ನು ಆಸ್ಪತ್ರೆಗೆ ಕೊಂಡೊಯ್ದು ಸ್ಕ್ಯಾನರ್ ಹಿಡಿದಾಗಲೇ ಅದು ಉಪಯೋಗಕ್ಕೆ ಬರುತ್ತದೆ. ಹಬ್ಬದ ಮೂರು ದಿನ ಗುಂಡನನ್ನು ಹೊರಗೆ ಕರೆದೊಯ್ಯುವುದಾದರೆ ಮಧ್ಯಾಹ್ನದ ಹೊತ್ತಿನಲ್ಲಿ, ಬೆಲ್ಟಿನ ಜೊತೆಗೆ ಹಾರ್ನೆಸ್ಸನ್ನೂ ಹಾಕಿ ಕರೆದೊಯ್ಯಲಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಬರೀ ಬೆಲ್ಟು ತಲೆಯಿಂದ ಕಳಚಿ ಬರುತ್ತದೆ. ಮುಂಬಾಗಿಲು ತೆರೆಯುವ ಮುನ್ನ ನಾಯಿ ಇನ್ನೊಂದು ಕೋಣೆಯಲ್ಲಿದ್ದು ಆ ಕೋಣೆಯ ಬಾಗಿಲು ಹಾಕಿರಬೇಕು ಎಂಬ ನಿಯಮವನ್ನು ನಿಮ್ಮ ಅಕ್ಕನ ಮಗಳಿಗೆ ಎರಡು ಸಲ ಹೇಳಿ.


ಉತ್ತರ 3: ವಿಜಯನಗರದಿಂದ

ಇಲ್ಲಿಯವರೆಗೆ ಎಲ್ಲರೂ ಗುಂಡನ ಬಗ್ಗೆಯೇ ಬರೆದಿದ್ದಾರೆ. ಮುತ್ತುವಿನ ಪರವಾಗಿ ನಾಲ್ಕು ಮಾತು ಹೇಳುತ್ತೇನೆ, ಏಕೆಂದರೆ ಬೆಕ್ಕು ತನ್ನ ಪಾಡಿಗೆ ತಾನಿರುತ್ತದೆ ಎಂಬ ನಂಬಿಕೆಯೇ ಬೆಕ್ಕುಗಳಿಗೆ ಕುತ್ತು ತರುತ್ತದೆ.

ಬೆಕ್ಕಿಗೆ ಮನೆಯೇ ಲೋಕ. ಅದನ್ನು ನಾಯಿಗಳು ಬೊಗಳುವ ಬೋರ್ಡಿಂಗ್‌ಗೆ ಕಳುಹಿಸುವುದಕ್ಕಿಂತ ಮನೆಯಲ್ಲೇ ಬಿಟ್ಟು ನೋಡಿಕೊಳ್ಳುವವರನ್ನು ಕರೆಸುವುದು ಮೇಲು. ಹಾಗೆಂದು ಮೂರು ಬಟ್ಟಲು ತುಂಬ ತಿಂಡಿ, ಒಂದು ಬಕೆಟ್ ನೀರು ಇಟ್ಟು ಬೀಗ ಹಾಕಿ ಹೋಗುವುದನ್ನು ನಾನು ಒಪ್ಪಲಾರೆ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಗಂಡು ಬೆಕ್ಕಿಗೆ ಇನ್ನೊಂದು ಅಪಾಯವಿದೆ. ಅದರ ಮೂತ್ರನಾಳ ಕಿರಿದು. ಮನೆಯವರಿಲ್ಲದ ಆತಂಕ, ಕಡಿಮೆ ನೀರು ಕುಡಿಯುವುದು, ಬರೀ ಒಣ ತಿಂಡಿ, ಇವೆಲ್ಲ ಸೇರಿದಾಗ ಮೂತ್ರ ಕಟ್ಟಿಕೊಳ್ಳಬಹುದು. ಪೂರ್ತಿ ಕಟ್ಟಿಕೊಂಡ ಮೇಲೆ ಒಂದೆರಡು ದಿನಗಳೊಳಗೆ ಚಿಕಿತ್ಸೆ ಸಿಗದಿದ್ದರೆ ಬೆಕ್ಕು ಉಳಿಯುವುದಿಲ್ಲ. ಪದೇ ಪದೇ ಟ್ರೇಗೆ ಹೋಗಿ ಕೂತು ಮುಕ್ಕರಿಯುವುದು, ಕೂಗುವುದು, ಆ ಜಾಗವನ್ನು ನೆಕ್ಕುತ್ತಲೇ ಇರುವುದು ಇದರ ಲಕ್ಷಣಗಳು. ಗೊತ್ತಿಲ್ಲದವರು ಇದನ್ನು ಮಲಬದ್ಧತೆ ಎಂದುಕೊಂಡು ನಾಳೆ ನೋಡೋಣ ಎನ್ನುತ್ತಾರೆ. ಆ ನಾಳೆಗೆ ಕಾಯಬಾರದು.

ಇದನ್ನು ಕಂಡುಹಿಡಿಯಲು ಸುಲಭವಾದ ಉಪಾಯವೆಂದರೆ ಟ್ರೇಯಲ್ಲಿ ಮೂತ್ರದಿಂದಾದ ಮರಳಿನ ಉಂಡೆಗಳನ್ನು ಎಣಿಸುವುದು. ಈ ವಾರವೇ ನೀವು ಎಣಿಸಲು ಶುರುಮಾಡಿ. ಮುತ್ತುವಿಗೆ ದಿನಕ್ಕೆ ಎರಡೋ ಮೂರೋ ಸಹಜವೆಂದು ತಿಳಿದರೆ, ನೋಡಿಕೊಳ್ಳುವವರಿಗೆ ಆ ಸಂಖ್ಯೆಯನ್ನು ಹೇಳಿಹೋಗಬಹುದು. ಒಂದು ಇಡೀ ದಿನ ಒಂದು ಉಂಡೆಯೂ ಇಲ್ಲವೆಂದರೆ ಆಟೋ ಹಿಡಿದು ಆಸ್ಪತ್ರೆಗೆ ಹೋಗಬೇಕು, ನಿಮ್ಮ ಫೋನಿಗೆ ಕಾಯಬಾರದು. ಮನೆಯವರು ಹೋದ ಮೇಲೆ ಬೆಕ್ಕು ಅಟ್ಟದ ಮೇಲೋ ಬೀರುವಿನ ಹಿಂದೆಯೋ ಅಡಗಿ ಕೂರುವುದು ಸಾಮಾನ್ಯ. ಅದನ್ನು ಎಳೆದು ತರಬಾರದು, ಆದರೆ ದಿನಕ್ಕೆರಡು ಸಲ ಕಣ್ಣಿಂದ ಕಾಣದೆ ಇರಲೂಬಾರದು. ಬಾಲ್ಕನಿಗೆ ಕಟ್ಟಿದ ಪಾರಿವಾಳದ ಬಲೆಯನ್ನು ಕೈಯಿಂದ ಜಗ್ಗಿ ನೋಡಿ, ಬಿಸಿಲಿಗೆ ನೈಲಾನ್ ಜೀರ್ಣವಾಗಿರುತ್ತದೆ. ಪಟಾಕಿಯ ದಿನಗಳಲ್ಲಿ ಬಾಲ್ಕನಿಯ ಬಾಗಿಲು ಮುಚ್ಚಿಯೇ ಇರಲಿ.


ಉತ್ತರ 4: ವೈಟ್‌ಫೀಲ್ಡ್‌ನಿಂದ

ಅಪಾರ್ಟ್‌ಮೆಂಟ್ ಆಗಿದ್ದರೆ ನೋಡಿಕೊಳ್ಳಲು ಬರುವವರ ಹೆಸರನ್ನು ಕಾವಲುಗಾರರಿಗೂ ಅಸೋಸಿಯೇಷನ್‌ಗೂ ಮೊದಲೇ ಬರೆದುಕೊಟ್ಟಿರಿ. ನಮ್ಮಲ್ಲಿ ಒಮ್ಮೆ ರಾತ್ರಿ 11 ಗಂಟೆಗೆ ನಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಹೊರಟ ಹುಡುಗನನ್ನು, ನಾಯಿ ಕದಿಯುತ್ತಿದ್ದಾನೆಂದು ಅನುಮಾನಿಸಿ ಗೇಟಿನಲ್ಲೇ ಮುಕ್ಕಾಲು ಗಂಟೆ ನಿಲ್ಲಿಸಿಬಿಟ್ಟಿದ್ದರು. ಎರಡನೆಯ ಬೀಗದ ಕೈಯನ್ನು ನಂಬಿಕಸ್ಥ ನೆರೆಯವರೊಬ್ಬರ ಬಳಿ ಇಡುವುದೂ ಒಳ್ಳೆಯದು.


ಉತ್ತರ 5: ಆರ್.ಟಿ. ನಗರದಿಂದ

ನಾನು ಪಶುಸಂಗೋಪನಾ ಇಲಾಖೆಯಲ್ಲಿ ಪಶುವೈದ್ಯನಾಗಿದ್ದು ನಿವೃತ್ತನಾದವನು. ಮೇಲೆ ಬಂದಿರುವ ಸಲಹೆಗಳೆಲ್ಲ ಉಪಯುಕ್ತವಾಗಿವೆ. ನಿಮ್ಮ ನಾಯಿಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಮಾತೇ ಅಂತಿಮವೆಂಬ ತಿಳಿವಳಿಕೆಯೊಂದಿಗೆ ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ಮೊದಲನೆಯದು ಮಾತ್ರೆಯ ವೇಳೆ. ದೀಪಾವಳಿಯಲ್ಲಿ ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಹಚ್ಚಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಅದು ಎಷ್ಟರ ಮಟ್ಟಿಗೆ ಪಾಲನೆಯಾಗುತ್ತದೆ ಎಂಬುದು ಬೇರೆ ಮಾತು, ಸದ್ದು ಅತಿ ಹೆಚ್ಚಿರುವುದು ಆ ಎರಡು ಗಂಟೆಗಳಲ್ಲಿಯೇ. ನಿಮ್ಮ ಗುಂಡನ ಮಾತ್ರೆಯೂ ಸರಿಯಾಗಿ 8 ಗಂಟೆಗೇ ಇದೆ! ಮಂಚದಡಿ ನಡುಗುತ್ತಿರುವ ನಾಯಿಯ ಬಾಯಿಗೆ ಹೊಸಬರು ಮಾತ್ರೆ ಹಾಕಲು ಹೋದರೆ ಮಾತ್ರೆಯೂ ಒಳಗೆ ಹೋಗುವುದಿಲ್ಲ, ಕೈಗೂ ಹಲ್ಲು ತಾಗಬಹುದು. ನಿಮ್ಮ ವೈದ್ಯರನ್ನು ಕೇಳಿ, ಹೊರಡುವ ಒಂದು ವಾರ ಮೊದಲಿನಿಂದ ದಿನಕ್ಕೆ ಹತ್ತು ಹದಿನೈದು ನಿಮಿಷಗಳಂತೆ ಹಿಂದಕ್ಕೆ ತಂದು, ಬೆಳಿಗ್ಗೆ ಆರೂವರೆ, ಸಂಜೆ ಆರೂವರೆ ಎಂದು ಮಾಡಿಕೊಳ್ಳಿ. ಊಟವೂ ನಡಿಗೆಯೂ ಅಷ್ಟರೊಳಗೆ ಮುಗಿದಿರಲಿ. ಈ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸುತ್ತದೆ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ಕೊಟ್ಟು ನಿಮ್ಮ ವೈದ್ಯರಿಗೆ ತಿಳಿಸಬೇಕು. ಮರೆತದ್ದನ್ನೂ ಸೇರಿಸಿ ಎರಡನ್ನು ಒಟ್ಟಿಗೆ ಕೊಡಬಾರದು. ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯವರು ಇದನ್ನು ಕೊಡುವುದಿಲ್ಲ, ಹಬ್ಬದ ದಿನ ಅಂಗಡಿಗಳೂ ಮುಚ್ಚಿರುತ್ತವೆ. ಎಂಟು ದಿನಕ್ಕೆ ಹದಿನೈದು ದಿನದಷ್ಟು ಮಾತ್ರೆ ಮನೆಯಲ್ಲಿರಲಿ, ಚೀಟಿಯ ಪ್ರತಿಯೊಂದು ಅದರ ಜೊತೆಗಿರಲಿ.

ಎರಡನೆಯದು ಫಿಟ್ಸ್ ಬಂದಾಗ ಮಾಡಬೇಕಾದದ್ದು. ನಮ್ಮ ಕಡೆ ಇಂದಿಗೂ ಕೈಗೆ ಕಬ್ಬಿಣ ಕೊಡುವ, ಬೀಗದ ಕೈ ಹಿಡಿಸುವ, ಮೂಗಿಗೆ ಈರುಳ್ಳಿ ಹಿಡಿಯುವ ರೂಢಿಯಿದೆ. ನಾಯಿಯ ಬಾಯಿಯ ಹತ್ತಿರ ಏನನ್ನೂ ತರಬಾರದು. ಅದು ನಾಲಿಗೆ ನುಂಗುವುದಿಲ್ಲ, ಆದರೆ ಅರಿವಿಲ್ಲದೆ ಕಚ್ಚುತ್ತದೆ. ದೀಪ ಆರಿಸಿ, ಮೇಜು ಕುರ್ಚಿ ದೂರ ಸರಿಸಿ, ಮೆಟ್ಟಿಲ ಬಳಿಯಿದ್ದರೆ ತಲೆದಿಂಬು ಅಡ್ಡವಿಟ್ಟು, ಗಡಿಯಾರ ನೋಡಬೇಕು. ಫೋನಿನಲ್ಲಿ ವಿಡಿಯೋ ಮಾಡಿಟ್ಟರೆ ವೈದ್ಯರಿಗೆ ಬಹಳ ಅನುಕೂಲ. ಐದು ನಿಮಿಷ ಮೀರಿದರೆ, ಅಥವಾ ಒಂದೇ ದಿನದಲ್ಲಿ ಮತ್ತೆ ಮತ್ತೆ ಬಂದರೆ, ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಕಚ್ಚಿದ ಗಾಯವಾದರೆ, ನಾಯಿಗೆ ಲಸಿಕೆಯಾಗಿದೆ ಎಂದು ಸುಮ್ಮನಿರದೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ವೈದ್ಯರನ್ನು ಕಾಣಬೇಕು. ನಿಮ್ಮ ಅಕ್ಕನ ಮಗಳಿಗೆ ಹಳೆಯ ಫಿಟ್ಸ್‌ನ ವಿಡಿಯೋ ಇದ್ದರೆ ಈಗಲೇ ತೋರಿಸಿ. ಒಮ್ಮೆ ನೋಡಿದವರಿಗೆ ಅರ್ಧ ಹೆದರಿಕೆ ಕಳೆಯುತ್ತದೆ.

ಪಟಾಕಿಯ ಭಯಕ್ಕೆ ಔಷಧಿಗಳಿವೆ, ಆದರೆ ಫಿಟ್ಸ್ ಇರುವ ನಾಯಿಗೆ ಯಾವುದು ಹೊಂದುತ್ತದೆ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು, ಮತ್ತು ನೀವು ಮನೆಯಲ್ಲಿರುವಾಗಲೇ ಒಂದು ಸಲ ಕೊಟ್ಟು ನೋಡಿರಬೇಕು. ಹಿಂದೆ ಧಾರಾಳವಾಗಿ ಕೊಡುತ್ತಿದ್ದ ಅಸಿಪ್ರೊಮಜೀನ್ ಒಂದನ್ನೇ ಕೊಟ್ಟರೆ ನಾಯಿ ಮಲಗಿದಂತೆ ಕಾಣುತ್ತದೆ, ಒಳಗಿನ ಭಯ ಹಾಗೆಯೇ ಉಳಿಯುತ್ತದೆ. ಪಕ್ಕದ ಮನೆಯವರು ಕೊಟ್ಟರೆಂದು ಅದನ್ನು ಬಳಸಬೇಡಿ. ರಸ್ತೆಗೆ ದೂರವಾದ ಕೋಣೆ, ಮುಚ್ಚಿದ ಕಿಟಕಿ, ದಪ್ಪ ಪರದೆ, ಫ್ಯಾನಿನ ಸದ್ದು, ಪಕ್ಕದಲ್ಲಿ ಸುಮ್ಮನೆ ಕೂತು ಪುಸ್ತಕ ಓದುವ ಒಬ್ಬ ಮನುಷ್ಯ, ಇವು ಬಹಳಷ್ಟು ಕೆಲಸ ಮಾಡುತ್ತವೆ. ಹೆದರಿದ ನಾಯಿಯನ್ನು ಮುದ್ದಿಸಿದರೆ ಭಯ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಹತ್ತಿರ ಬಂದರೆ ಸವರಲಿ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ನನ್ನ ಸೇವಾವಧಿಯಲ್ಲಿ, ಯಜಮಾನರು ಊರಲ್ಲಿಲ್ಲವೆಂಬ ಕಾರಣಕ್ಕೆ ತಡವಾಗಿ ಬಂದ ಪ್ರಾಣಿಗಳನ್ನು ಎಷ್ಟೋ ನೋಡಿದ್ದೇನೆ. ನೋಡಿಕೊಳ್ಳುತ್ತಿದ್ದವರು ಕೆಟ್ಟವರಲ್ಲ. ಬದಲಾವಣೆಯನ್ನು ಗಮನಿಸಿಯೂ ಇರುತ್ತಾರೆ. ಆದರೆ ತಾವೇ ನಿರ್ಧಾರ ತೆಗೆದುಕೊಳ್ಳಬಹುದೇ, ಖರ್ಚಾದರೆ ಯಾರು ಕೊಡುತ್ತಾರೆ, ಯಜಮಾನರು ಕೋಪಿಸಿಕೊಂಡಾರೇ ಎಂಬ ಅಳುಕಿನಲ್ಲಿ ಒಂದು ರಾತ್ರಿ ಕಳೆದುಬಿಡುತ್ತಾರೆ. ಆದ್ದರಿಂದ ಒಂದು ಹಾಳೆಯಲ್ಲಿ ನಿಮ್ಮ ಸಹಿಯೊಂದಿಗೆ ಬರೆದುಕೊಡಿ: ಪ್ರಾಣಿಯ ವಯಸ್ಸು, ತೂಕ, ರೋಗ, ಮಾತ್ರೆಯ ಪ್ರಮಾಣ ಮಿಲಿಗ್ರಾಂಗಳಲ್ಲಿ, ಮತ್ತು ನಾನು ಫೋನಿಗೆ ಸಿಗದಿದ್ದರೂ ಚಿಕಿತ್ಸೆ ಆರಂಭಿಸಲು ಇಂಥವರಿಗೆ ಅಧಿಕಾರ ಕೊಟ್ಟಿದ್ದೇನೆ, ಇಷ್ಟು ರೂಪಾಯಿಯವರೆಗಿನ ವೆಚ್ಚಕ್ಕೆ ಕೇಳುವ ಅಗತ್ಯವಿಲ್ಲ ಎಂಬ ಸಾಲು. ಹಣವನ್ನು ಅವರ ಖಾತೆಗೆ ಮೊದಲೇ ಹಾಕಿಬಿಡಿ. ಚಿಕಿತ್ಸೆ ಫಲಿಸದ ಸ್ಥಿತಿ ಬಂದರೆ ನಿಮ್ಮ ಇಚ್ಛೆ ಏನೆಂಬುದನ್ನೂ ಬರೆಯಿರಿ. ಬರೆಯುವಾಗ ಕೈ ನಡುಗುತ್ತದೆ ಎಂದು ಬಲ್ಲೆ, ಆದರೆ ಇಪ್ಪತ್ತು ವರ್ಷದ ಹುಡುಗಿಯ ಮೇಲೆ ಆ ಭಾರ ಬೀಳಬಾರದು. ಹಬ್ಬದ ದಿನ ರಾತ್ರಿ ಯಾವ ಆಸ್ಪತ್ರೆ ತೆರೆದಿರುತ್ತದೆ ಎಂದು ಫೋನ್ ಮಾಡಿ ಕೇಳಿ, ಒಂದರ ಬದಲು ಎರಡು ವಿಳಾಸ ಬರೆದಿಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿಮಗೆ ದೂರ, ಹತ್ತಿರದ್ದೊಂದು ಇರಲೇಬೇಕು.

ಕೊನೆಯದಾಗಿ, ಅಕ್ಕರೆಯಿಂದ ಆಗುವ ಅನಾಹುತಗಳ ಬಗ್ಗೆ ಎಚ್ಚರಿಸಿ. ಹಬ್ಬದ ದಿನ ದ್ರಾಕ್ಷಿ ಹಾಕಿದ ಪಾಯಸವನ್ನು ನಾಯಿಗೆ ಒಂದು ತುತ್ತು ಕೊಡೋಣ ಎನ್ನಿಸುತ್ತದೆ. ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಈರುಳ್ಳಿ ಹಾಕಿದ ಸಾರು, ಚಾಕೊಲೇಟ್ ಕೂಡದು. ಬೆಕ್ಕಿಗೆ ಮೈ ಬೆಚ್ಚಗಿದೆ ಎಂದು ಅರ್ಧ ಪ್ಯಾರಾಸಿಟಮಾಲ್ ಕೊಟ್ಟರೂ ಅದು ಸಾಯಬಹುದು. ನಾಯಿಯ ಬೆನ್ನಿಗೆ ಬಿಡುವ ಪರ್ಮೆಥ್ರಿನ್ ಇರುವ ಉಣ್ಣಿ ಔಷಧಿ ಬೆಕ್ಕಿಗೆ ಮಾರಕ. ಒಂದೇ ಮನೆಯಲ್ಲಿ ಇಬ್ಬರೂ ಇರುವಾಗ ಅಂಥದ್ದನ್ನು ತರಲೇಬೇಡಿ.


ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ನಾನೂ ನಮ್ಮ ಯಜಮಾನರೂ ಎಲ್ಲ ಉತ್ತರಗಳನ್ನು ಎರಡೆರಡು ಸಲ ಓದಿದೆವು. ಬೋರ್ಡಿಂಗ್‌ನ ವಿಚಾರವನ್ನು ಕೈಬಿಟ್ಟಿದ್ದೇವೆ. ಎಂಟು ದಿನವನ್ನು ಐದಕ್ಕೆ ಇಳಿಸಿದ್ದೇವೆ. ಅತ್ತೆಯವರಿಗೆ ಕಾರಣ ಹೇಳಿದಾಗ, ಕೊಟ್ಟಿಗೆಯಲ್ಲಿ ಕರು ಹಾಕುವ ಹಸುವಿದ್ದಾಗ ತಾನೂ ಎಷ್ಟೋ ಮದುವೆಗಳನ್ನು ಬಿಟ್ಟಿದ್ದೇನೆ ಎಂದರು, ಬೇಸರಿಸಲಿಲ್ಲ. ಅಕ್ಕನ ಮಗಳು ಇದೇ ಶನಿವಾರದಿಂದ ವಾರಾಂತ್ಯಗಳಲ್ಲಿ ಬಂದಿರಲು ಒಪ್ಪಿದ್ದಾಳೆ. ಎರಡನೆಯ ವಾರಾಂತ್ಯದಲ್ಲಿ ನಾವು ಮೈಸೂರಿಗೆ ಹೋಗಿ ಒಂದು ರಾತ್ರಿ ಉಳಿದು ನೋಡುತ್ತೇವೆ. ಮನೆಗೆಲಸದ ಅಮ್ಮ ಹಗಲು ಮುತ್ತುವಿನ ಟ್ರೇಯ ಲೆಕ್ಕ ನೋಡುತ್ತಾರೆ.

ಡಾಕ್ಟರೇ, ತಾವು ಹೇಳಿದ ಹಾಳೆಯನ್ನು ಬರೆಯಲು ಕುಳಿತೆ. ತೂಕದ ಸಾಲಿಗೆ ಬಂದಾಗ ಗುಂಡನನ್ನು ತೂಗಿಸಿ ಒಂದು ವರ್ಷವಾಗಿದೆ ಎಂದು ತಿಳಿಯಿತು. ಹಳೆಯ ಚೀಟಿಯಲ್ಲಿ 21 ಕೆ.ಜಿ. ಇದೆ, ಈಗ ಅವನು ಸೊರಗಿದಂತೆ ಕಾಣುತ್ತಾನೆ. ಇದರಿಂದ ಮಾತ್ರೆಯ ಪ್ರಮಾಣದಲ್ಲಿ ವ್ಯತ್ಯಾಸ ಮಾಡಬೇಕಾಗುತ್ತದೆಯೇ?


ಉತ್ತರ 6: ಆರ್.ಟಿ. ನಗರದಿಂದ

ಆಗಬಹುದು, ಆದರೆ ನೀವಾಗಿಯೇ ಬದಲಿಸಬೇಡಿ. ಹೊರಡುವವರೆಗೆ ಕಾಯದೆ ಈ ವಾರವೇ ನಿಮ್ಮ ವೈದ್ಯರ ಬಳಿ ಕರೆದೊಯ್ದು ತೂಗಿಸಿ, ರಕ್ತದಲ್ಲಿ ಔಷಧಿಯ ಮಟ್ಟವನ್ನೂ ಯಕೃತ್ತಿನ ಸ್ಥಿತಿಯನ್ನೂ ಪರೀಕ್ಷೆ ಮಾಡಿಸಿ. ಮೂರು ವರ್ಷಗಳಿಂದ ಈ ಮಾತ್ರೆ ತೆಗೆದುಕೊಳ್ಳುತ್ತಿರುವ ನಾಯಿಗೆ ಇವೆರಡೂ ಬೇಕಾದ ಪರೀಕ್ಷೆಗಳೇ. ಸಾಮಾನ್ಯವಾಗಿ ಈ ಔಷಧಿಯಿಂದ ಹಸಿವು ಹೆಚ್ಚಿ ತೂಕ ಏರುತ್ತದೆ; ಇಳಿದಿದೆ ಎನ್ನುವುದಾದರೆ ಕಾರಣ ಹುಡುಕಬೇಕು. ಹೋಗುವಾಗ ಅಕ್ಕನ ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ವೈದ್ಯರು ಅವಳ ಮುಖವನ್ನೂ ನೋಡಿಟ್ಟುಕೊಂಡಿರಲಿ.